ಎಐ ತರೂಕ್ಕಿಂತ ಮೊದ್ಲ ಕೊಟೇಷನ್ ಫೈಲ್ ತೆಗೀರಿ

ಪ್ರಶ್ನೆ: ಸಾಹೇಬ್ರ, ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ವಾಲ್ವ್ ಮಾಡೋ ಸಣ್ಣ ಫ್ಯಾಕ್ಟರಿ ಐತ್ರಿ, 45 ಮಂದಿ ಕೆಲಸಕ್ಕ ಅದಾರ. ಮಗ ಇಂಜಿನಿಯರಿಂಗ್ ಮುಗಿಸಿ ಬಂದಾನ, "ಅಪ್ಪಾ, ಎಐ ತರಲಿಲ್ಲಂದ್ರ ಎರಡು ವರ್ಷದಾಗ ಬಾಗಿಲಾ ಹಾಕಬೇಕಾಕ್ಕೈತಿ" ಅಂತಾನ. ಬೆಂಗಳೂರಿಂದ ಒಬ್ರು ಕನ್ಸಲ್ಟಂಟ್ ಬಂದು ಬರೇ ಪ್ಲಾನ್ ಬರದು ಕೊಡಾಕ 6 ಲಕ್ಷ ಕೇಳ್ಯಾರ, ಸಾಫ್ಟ್‌ವೇರ್ ಖರ್ಚು ಬ್ಯಾರೇನ ಅಂತ. ಏನ್ ಮಾಡ್ಲಿ?
– ಹೆಸರು ಬ್ಯಾಡ, ತಾರಿಹಾಳ

ಉತ್ತರ: ಯಜಮಾನ್ರ, 6 ಲಕ್ಷ ಸದ್ಯಕ್ಕ ಕಿಸೇದಾಗ ಇರ್ಲಿ. ಮಗ ಹೇಳೋದು ಪೂರ್ತಿ ಸುಳ್ಳಲ್ಲ, ಆದ್ರ ಅಂಜಿಸಿ ಮಾರೋದು ಹಳೇ ಚಾಳಿ, ನಮ್ಮ ಕಡೆ ಬೋರ್‌ವೆಲ್ ಪಾಯಿಂಟ್ ತೋರ್ಸೋರೂ ಹಂಗ ಮಾಡ್ತಾರ.

ಒಂದು ವಾರ ಆಫೀಸಿನಾಗ ಸುಮ್ಮನ ಕುಂತು ನೋಡ್ರಿ, ಟೈಮ್ ಎಲ್ಲಿ ಸೋರಾಕತ್ತೈತಿ ಅಂತ. ನಾ ನೋಡಿದ ವಾಲ್ವ್ ಫ್ಯಾಕ್ಟರಿಗೋಳಾಗ ಅದು ಕೊಟೇಷನ್ ಹತ್ರನ ಇರ್ತೈತಿ. ಗಿರಾಕಿ ಮೇಲ್‌ನ್ಯಾಗ 40 ಪುಟದ ಸ್ಪೆಸಿಫಿಕೇಷನ್ ಒಗದಿರ್ತಾನ, ಟೆಸ್ಟಿಂಗ್ ಎಪಿಐ 598 (ವಾಲ್ವ್ ಟೆಸ್ಟ್ ಮಾಡೋ ಅಮೆರಿಕಾದ ಸ್ಟ್ಯಾಂಡರ್ಡ್) ಪ್ರಕಾರ ಆಗಬೇಕು ಅನ್ನೋದು ಅದರಾಗ ಎಲ್ಲೋ ಒಂದು ಮೂಲ್ಯಾಗ ಸಣ್ಣ ಅಕ್ಷರದಾಗ ಇರ್ತೈತಿ, ಅದನ್ನ ಹುಡುಕಿ ತಗದು, ಕಾಸ್ಟಿಂಗ್ (ಎರಕದ ಪೀಸ್) ರೇಟಿಗೆ ಫೌಂಡ್ರಿಗೆ ಫೋನ್ ಹಚ್ಚಿ, ಹಳೇ ಫೈಲ್ ತಿರುವ್ಯಾಡಿ ಕೊಟೇಷನ್ ಕಳಸೂದ್ರಾಗ ನಾಕು ದಿನ ಹೋಗಿ ಆರ್ಡರ್ ಕೊಯಮತ್ತೂರಿನವ್ರ ಕೈಗೆ ಹೋಗಿರ್ತೈತಿ.

ಈಗ ಎಐ ಆ 40 ಪುಟ ಓದಿ, ಬೇಕಾದ್ದಷ್ಟು ಆರಿಸಿ ಒಂದು ಟೇಬಲ್ ಮಾಡಿ ಕೊಡ್ತೈತಿ, ಅದಕ್ಕ ದೊಡ್ಡ ಸಾಫ್ಟ್‌ವೇರೂ ಬೇಕಾಗಿಲ್ಲ. ಆದ್ರ ರೇಟ್ ಎಲ್ಲಿ ಐತ್ರಿ? 25 ವರ್ಷದಿಂದ ನಿಮ್ಮಲ್ಲಿ ದುಡದ ಹಿರಿ ಕ್ಲಾರ್ಕ್ ಒಬ್ರು ಇರ್ತಾರಲ್ಲ, ಅವ್ರ ತಲ್ಯಾಗ. ಯಾವ ಗಿರಾಕಿ ರೊಕ್ಕ ತಡಾ ಮಾಡ್ತಾನ, ಯಾರಿಗೆ ಎಷ್ಟು ಬಿಡಬೇಕು, ಯಾವ ಸೈಜಿನ್ಯಾಗ ರಿಜೆಕ್ಷನ್ ಜಾಸ್ತಿ ಅಂತ ರೇಟ್ ಏರಸಬೇಕು, ಎಲ್ಲಾ ಅವ್ರಿಗೆ ಬಾಯಿಪಾಠ. ಅದು ಟ್ಯಾಲಿಯೊಳಗ ಇಲ್ಲ, ಎಕ್ಸೆಲ್‌ನ್ಯಾಗೂ ಇಲ್ಲ. ಅದಕ್ಕ ಮೂರು ವರ್ಷದ ಕೊಟೇಷನ್ ತಗದು ಒಂದ ಶೀಟಿನ್ಯಾಗ ಏರಸ್ರಿ: ಯಾವ್ದು ಸಿಕ್ತು, ಯಾವ್ದು ಹೋತು, ಯಾಕ್ ಹೋತು. ನಿಮ್ಮ ಎಐ ಪ್ಲಾನಿನ ಅರ್ಧ ಇದ.

ಆದ್ರ ಆ ಕ್ಲಾರ್ಕ್ ಅಣ್ಣಾರು ಕೊಡ್ತಾರೇನು? "ನನ್ನ ತಲಿ ಖಾಲಿ ಮಾಡಿ ನನ್ನ ಮನೀಗೆ ಕಳಸ್ತಾರ" ಅಂತ ಸಂಶಯ ಬಂತಂದ್ರ ಒಂದು ಅಕ್ಷರಾನೂ ಹೊರಗ ಬರಂಗಿಲ್ಲ, ತಪ್ಪರ ಯಾರ್ದು ಹೇಳ್ರಿ. ನೀವ ಖುದ್ದು ಕರದು ಚಾ ಕುಡಿಸಿ, ಈ ಕೆಲಸಕ್ಕ ನೀವ ಯಜಮಾನ್ರು, ಹುಡುಗ ನಿಮ್ಮ ಕೈಕೆಳಗ ಅನ್ರಿ. ಮಗಗ ಸಿಟ್ಟು ಬರ್ತೈತಿ, ಬರ್ಲಿ.

ಶುರು ಮಾಡೂಕ್ಕಿಂತ ಮೊದ್ಲ ಈಗ ಒಂದು ಕೊಟೇಷನ್‌ಗೆ ಎಷ್ಟು ತಾಸು ಹಿಡೀತೈತಿ ಅಂತ ಬರದಿಡ್ರಿ. ಮೂರು ತಿಂಗಳ ನಂತರ ಮತ್ತ ಅಳೀರಿ, ಕಡಿಮಿ ಆಗಿಲ್ಲಂದ್ರ ಮರ್ಯಾದಿ ನೋಡದ ನಿಲ್ಲಸ್ರಿ.

ಮಗ ಮುಂದ ಕ್ಯಾಮೆರಾ ಹಚ್ಚಿ ಕಾಸ್ಟಿಂಗ್ ಚೆಕ್ ಮಾಡೂಣು ಅಂತಾನ. ಅದಕ್ಕ ಕೆಟ್ಟ ಪೀಸಿನ ಫೋಟೋ ರಾಶಿಗಟ್ಲೆ ಬೇಕು, ನೀವು ರಿಜೆಕ್ಟ್ ಆದದ್ದು ಸೀದಾ ಸ್ಕ್ರ್ಯಾಪಿಗೆ ಒಗೀತೀರಿ. ಇವತ್ತಿಂದ ಒಂದ ಜಾಗಾದಾಗ, ಒಂದ ಲೈಟಿನ ಕೆಳಗ ಮೊಬೈಲ್‌ನ್ಯಾಗ ಫೋಟೋ ಹೊಡದಿಡಾಕ ಹೇಳ್ರಿ. ಒಳಗಿನ ಬ್ಲೋ ಹೋಲ್ (ಎರಕದಾಗ ಗಾಳಿ ಸಿಕ್ಕು ಆದ ತೂತು) ಮಾತ್ರ ಯಾವ ಕ್ಯಾಮೆರಾಕ್ಕೂ ಕಾಣಂಗಿಲ್ಲ, ನೀರು ತುಂಬಿ ಒತ್ತಡ ಕೊಟ್ಟು ನೋಡೋ ಹೈಡ್ರೋ ಟೆಸ್ಟ್ ತಪ್ಪಂಗಿಲ್ಲ.

ಎರಡು ಎಚ್ಚರಿಕಿ. 2023ರಾಗ ಸ್ಯಾಮ್‌ಸಂಗ್‌ನ ಇಂಜಿನಿಯರ್‌ಗೋಳು ಕಂಪನಿ ಕೋಡನ್ನ ಚಾಟ್‌ಜಿಪಿಟಿಗೆ ಹಾಕಿದ್ರು, ಆಮ್ಯಾಲೆ ಕಂಪನಿ ಅಂಥಾ ಟೂಲ್ ಬಳಸೋದನ್ನ ಬಂದ್ ಮಾಡ್ತು. ನಿಮ್ಮಲ್ಲಿ ಕೋಡ್ ಇಲ್ಲ, ಗಿರಾಕಿ ಡ್ರಾಯಿಂಗ್ ಅದಾವು. ಪುಕ್ಕಟೆ ಅಕೌಂಟಿಗೆ ಅವನ್ನ ಹಾಕಬ್ಯಾಡ್ರಿ. ಇನ್ನೊಂದು, ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕಗ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು, ಕಂಪನಿಯವ್ರು ಚಾಟ್‌ಬಾಟ್ ಮಾತಿಗೆ ನಾವು ಜವಾಬ್ದಾರರಲ್ಲ ಅಂದ್ರು, 2024ರಾಗ ಅಲ್ಲಿ ಟ್ರಿಬ್ಯುನಲ್ ಒಪ್ಪಲಿಲ್ಲ, ರೊಕ್ಕ ಕೊಡಸ್ತು. ಹಂಗಾಗಿ ಮನಷ್ಯಾ ನೋಡಿ ಸೈನ್ ಮಾಡದ ಯಾವ ಕೊಟೇಷನ್ನೂ ಗೇಟ್ ದಾಟಬಾರದು.

ಕನ್ಸಲ್ಟಂಟ್ ಕರೀಬ್ಯಾಡ್ರಿ ಅನ್ನಾಕತ್ತಿಲ್ಲ, ಆ ಶೀಟ್ ತಯಾರಾದ ಮ್ಯಾಲೆ ಕರೀರಿ, ಆಗ ಅವ್ರ ರೇಟೂ ಇಳೀತೈತಿ. ಅಲ್ಲಿತನಕ ವಿದ್ಯಾನಗರದ ಕೆಎಲ್‌ಇ ಟೆಕ್ನಾಲಜಿಕಲ್ ಯೂನಿವರ್ಸಿಟಿ ಇಲ್ಲಾ ಧಾರವಾಡ ಐಐಟಿ ಕಡೆ ಹೋಗಿ ಪ್ರಾಜೆಕ್ಟಿಗೆ ಹುಡುಗ್ರು ಸಿಗ್ತಾರೇನು ಅಂತ ಕೇಳಿ ನೋಡ್ರಿ.

ಪ್ರಶ್ನೆ: ಗದಗಿನಾಗ ನಮ್ದು ಪ್ರಿಂಟಿಂಗ್ ಪ್ರೆಸ್. ಪ್ರೂಫ್ ನೋಡಾಕ ಎಐ ಹಾಕಬಹುದೇನ್ರಿ?
– ಓದುಗ, ಬೆಟಗೇರಿ

ಉತ್ತರ: ಹಾಕ್ರಿ, ಆದ್ರ ಮೊದ್ಲ ನಿಮ್ಮ ಫೈಲ್ ಯಾವುದ್ರಾಗ ಅದಾವು ನೋಡ್ರಿ. ಹಳೇ ನುಡಿ ಆಸ್ಕಿ ಫಾಂಟಿನಾಗ ಇದ್ರ ಎಐಗೆ ಅದು ಬರೇ ಕಸ ಕಂಡಂಗ ಕಾಣತೈತಿ, ಯೂನಿಕೋಡಿಗೆ (ಈಗಿನ ಫೋನು, ಕಂಪ್ಯೂಟರ್ ಎಲ್ಲಾ ಓದೋ ಅಕ್ಷರ ಪದ್ಧತಿ) ತಂದ ಮ್ಯಾಲೆ ಕೊಡ್ರಿ, ತರೂವಾಗ ಒತ್ತಕ್ಷರ ಎಲ್ಲೆರ ಹಾರಿದ್ರ ಅದನ್ನೂ ನೋಡ್ಕೋರಿ. ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಚಲೋನ ಹಿಡೀತೈತಿ. ಲಗ್ನಪತ್ರಿಕಿ ಮಾತ್ರ ಕೊಡಬ್ಯಾಡ್ರಿ, ನಮ್ಮ ಮಂದಿ ಅಡ್ಡಹೆಸರು ಅದಕ್ಕ ತಪ್ಪು ಕಾಗುಣಿತ ಅನಸ್ತೈತಿ, ಮೆಣಸಿನಕಾಯಿ ಮನೆತನದವ್ರನ್ನ ಇನ್ನೇನರ ಮಾಡಿಟ್ರ ಬೀಗರು ನಿಮ್ಮ ಪ್ರೆಸ್ಸಿಗೇ ಬರ್ತಾರ.