ಜಾತ್ರೆಯಲ್ಲಿ ತಪ್ಪಿದ ನಾಲ್ಕು ದಿನ

ಪ್ರಶ್ನೆ: ನನಗೆ 43 ವರ್ಷ. ಕೊಪ್ಪಳದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಮೂರು ತಿಂಗಳ ಸಕ್ಕರೆ ಪರೀಕ್ಷೆಯಲ್ಲಿ 6.1 ಬಂದಿತ್ತು, ಗಡಿಯಲ್ಲಿದೆ, ನಡೆಯಿರಿ ಎಂದರು ವೈದ್ಯರು. ಡಿಸೆಂಬರಿನಲ್ಲಿ ಶುರು ಮಾಡಿ, ಬೆಳಿಗ್ಗೆ ಐದೂವರೆಗೆ ಎದ್ದು ದಿನಕ್ಕೆ 45 ನಿಮಿಷದಂತೆ 23 ದಿನ ಬಿಡದೆ ನಡೆದೆ. ಅಷ್ಟರಲ್ಲಿ ಗವಿಮಠದ ಜಾತ್ರೆ ಬಂತು. ಮನೆ ತುಂಬ ನೆಂಟರು, ದಾಸೋಹದ ಮಿರ್ಚಿ. ನಾಲ್ಕು ದಿನ ತಪ್ಪಿತು. ಆಮೇಲೆ ಬೂಟು ಮುಟ್ಟಿಲ್ಲ. ಈಗ ನೋಡಿದರೆ ಏಪ್ರಿಲ್ ಬಿಸಿಲು. ನನಗೆ ಶಿಸ್ತೇ ಇಲ್ಲವೇ?

ಉತ್ತರ: ತಂಗಿ, ಶಿಸ್ತಿನ ಮಾತು ಆಮೇಲೆ. ತಪ್ಪಿದ ನಾಲ್ಕು ದಿನ ಎಣಿಸಿದ್ದೀರಿ, ನಡೆದದ್ದನ್ನು ಕೂಡಿಸಿಲ್ಲ. ಅದು ಹದಿನೇಳೂಕಾಲು ಗಂಟೆ.

ನಿಮ್ಮನ್ನು ಬೈಯಲು ನನಗೆ ಮುಖವೂ ಇಲ್ಲ. 31 ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದವನು ನಾನು. ನಿವೃತ್ತನಾದ ಮೇಲೆ ಪ್ರತಿ ಶನಿವಾರ ಅಂಜನಾದ್ರಿಯ 575 ಮೆಟ್ಟಿಲನ್ನೂ ಎಲ್ಲೂ ಕೂರದೆ ಹತ್ತುವ ಹಟ ತೊಟ್ಟೆ. ಮೂರನೆಯ ಶನಿವಾರ ಮೊಣಕಾಲು ಹಿಡಿಯಿತು. ಬೆಟ್ಟ ಬಿಟ್ಟದ್ದು ಸರಿ. ಹಾಲಿನ ಅಂಗಡಿಗೆ ನಡೆದು ಹೋಗುವುದನ್ನೂ ಬಿಟ್ಟೆ. ಬೆಟ್ಟ ಹತ್ತಲಾಗದವನಿಗೆ ಓಣಿ ಸುತ್ತುವುದೇನು ಎಂಬ ಸೊಕ್ಕು. ಹನ್ನೊಂದು ತಿಂಗಳು ಹೀಗೇ ಹೋಯಿತು. ಈಗ ಇನ್ನೂರು ಮೆಟ್ಟಿಲು ಹತ್ತಿ ಕೂರುತ್ತೇನೆ, ಬಾಳೆಹಣ್ಣನ್ನು ಕೋತಿಗೆ ಒಪ್ಪಿಸಿ ಇಳಿಯುತ್ತೇನೆ.

ನಿಮ್ಮ ಕಸುಬನ್ನೇ ನೋಡಿ. ಕುಪ್ಪಸದ ನಡುವೆ ದಾರ ತುಂಡಾದರೆ ಇಡೀ ಹೊಲಿಗೆ ಬಿಚ್ಚುತ್ತೀರಾ? ಮತ್ತೆ ದಾರ ಪೋಣಿಸಿ, ತುಂಡಾದ ಕಡೆಯಿಂದ ನಾಲ್ಕು ಹೊಲಿಗೆ ಹಿಂದೆ ಸೂಜಿ ಇಟ್ಟು ಮುಂದುವರಿಯುತ್ತೀರಿ. ನಡಿಗೆಯಲ್ಲೂ ಹಾಗೇ ಹಿಂದಕ್ಕೆ ಬನ್ನಿ: 45 ನಿಮಿಷಕ್ಕಲ್ಲ, ಹತ್ತಕ್ಕೆ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಯಾರೋ ನಿಮಗೂ ಹೇಳಿರಬೇಕು. ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಲ ಒಬ್ಬೊಬ್ಬರಿಗೆ ಒಂದೊಂದು: 18 ದಿನದಿಂದ 254 ದಿನದವರೆಗೆ, ನಡುವಣ ಲೆಕ್ಕ 66. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಎಂಬುದೂ ಅದರಲ್ಲೇ ಇದೆ. ನಿಮ್ಮನ್ನು ಕೆಡಿಸಿದ್ದು ಆ ನಾಲ್ಕು ದಿನವಲ್ಲ, ಐದನೆಯ ದಿನ ಹಾಸಿಗೆಯಲ್ಲೇ ಮಾಡಿಕೊಂಡ ತೀರ್ಮಾನ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ. ಒಂದು ಬಾರಿಗೆ ಹತ್ತು ನಿಮಿಷವಾದರೂ ಆಗಲೇಬೇಕು ಎಂಬ ಹಳೆಯ ನಿಯಮವನ್ನು 2020ರಲ್ಲಿ ಕೈಬಿಟ್ಟಿದೆ. ಚೂರುಪಾರೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಇದೇ ಅನುಕೂಲ. ಮಧ್ಯಾಹ್ನ ಹೊರಗೆ ಕಾಲಿಡಬೇಡಿ, ಉಂಡ ಮೇಲೆ ಪಡಸಾಲೆಯಲ್ಲೇ ಓಡಾಡಿ. ಊಟದ ನಂತರದ ನಡಿಗೆ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ, ನಿಮಗೆ ಬೇಕಾದದ್ದೂ ಅದೇ. ಐದೂವರೆಗೆ ಏಳಲು ಆಗದಿದ್ದರೆ ಏಳಬೇಡಿ.

ಮಿರ್ಚಿಯ ವಿಷಯ ನನ್ನನ್ನು ಕೇಳಬೇಡಿ. ದಾಸೋಹದಲ್ಲಿ ನಾನು ಎರಡು ತಿನ್ನುತ್ತೇನೆ, ಮೂರನೆಯದಕ್ಕೆ ಕೈ ಚಾಚಿದಾಗ ಹೆಂಡತಿ ನೋಡುತ್ತಾಳೆ.

ಸೋಮವಾರಕ್ಕೆ, ಅಮಾವಾಸ್ಯೆ ಕಳೆಯುವುದಕ್ಕೆ ಕಾಯಬೇಡಿ. ಇವತ್ತೇ ರಾತ್ರಿ ಊಟವಾದ ಮೇಲೆ ಓಣಿಯ ತುದಿಯವರೆಗೆ ಹೋಗಿ ಬನ್ನಿ. ಬೂಟು ಹುಡುಕುತ್ತ ಕೂರಬೇಡಿ, ಬಾಗಿಲಲ್ಲಿರುವ ಚಪ್ಪಲಿ ಸಾಕು.