ತೋಗ್‌ನ ಅಜ್ಜಿಯ ಕಥೆ: ಸಂಪಾದಕರ ಉತ್ತರ

ಮಾನ್ಯರೇ,

ಅರ್ಮೇನಿಯನ್ನರೂ ಅಜರ್‌ಬೈಜಾನಿಗಳೂ ದಶಕಗಳ ಕಾಲ ಕಾದಾಡಿದ ನಾಗೋರ್ನೊ ಕರಾಬಾಖ್‌ನ ತೋಗ್ ಎಂಬ ಹಳ್ಳಿಯ ಅರ್ಮೇನಿಯನ್ ವೃದ್ಧೆಯೊಬ್ಬಳು 2023ರ ಸೆಪ್ಟೆಂಬರ್‌ನಲ್ಲಿ ಮನೆಗೆ ಬೀಗ ಹಾಕಿ ಅರ್ಮೇನಿಯಾದ ಗೋರಿಸ್ ಪಟ್ಟಣದತ್ತ ಹೊರಡುವ ನಿಮ್ಮ ಕಥೆಯನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ಕಥೆಯ ಕಾಲವೇ ತಪ್ಪಿದೆ. ತೋಗ್ ಇರುವುದು ಹಾದ್ರುತ್ ಪ್ರದೇಶದಲ್ಲಿ. 2020ರ ಸೆಪ್ಟೆಂಬರ್ 27ರಂದು ಆರಂಭವಾಗಿ 44 ದಿನ ನಡೆದ ಯುದ್ಧದಲ್ಲೇ ಆ ಪ್ರದೇಶ ಅಜರ್‌ಬೈಜಾನ್‌ನ ವಶವಾಯಿತು, ಅಲ್ಲಿನ ಅರ್ಮೇನಿಯನ್ನರು ಆಗಲೇ ಊರು ಬಿಟ್ಟಿದ್ದರು. 2023ರಲ್ಲಿ ಕರಾಬಾಖ್‌ನ ಉಳಿದ ಭಾಗವೂ ಅಜರ್‌ಬೈಜಾನ್‌ನ ವಶವಾದಾಗ ಒಂದು ಲಕ್ಷಕ್ಕೂ ಹೆಚ್ಚು ಜನ, ಕರಾಬಾಖನ್ನು ಅರ್ಮೇನಿಯಾಕ್ಕೆ ಜೋಡಿಸುವ ಲಾಚಿನ್ ರಸ್ತೆ ಹಿಡಿದು ಅರ್ಮೇನಿಯಾಕ್ಕೆ ಹೋದದ್ದು ನಿಜವಾದರೂ, ತೋಗ್‌ನ ಮನೆಗೆ ಆಗತಾನೇ ಬೀಗ ಹಾಕಿ ಬಂದ ಅಜ್ಜಿ ಆ ಸಾಲಿನಲ್ಲಿ ಇರಲಾರಳು. ಅದೇ ವರ್ಷದ ಜುಲೈನಲ್ಲಿ ಮೊಮ್ಮಗ ಬಸ್ಸು ಹತ್ತಿ ಗೋರಿಸ್‌ಗೆ ಹೋಗಿ ಔಷಧಿ ತರುತ್ತಾನೆ ಎಂದೂ ಬರೆದಿದ್ದೀರಿ. ಆದರೆ ದಿಗ್ಬಂಧನದಿಂದಾಗಿ 2022ರ ಡಿಸೆಂಬರ್‌ನಿಂದ ಲಾಚಿನ್ ದಾರಿಯಲ್ಲಿ ಜನರ ಸಾಮಾನ್ಯ ಓಡಾಟವೇ ನಿಂತುಹೋಗಿತ್ತು. ಕಥೆಯನ್ನು 2020ಕ್ಕೆ ಒಯ್ಯಿರಿ. ದ್ರಾಕ್ಷಾರಸಕ್ಕೆ ಹೆಸರಾದ ಊರಿನಲ್ಲಿ ಯುದ್ಧ ಬಂದದ್ದು ದ್ರಾಕ್ಷಿ ಕೊಯ್ಲಿನ ಕಾಲಕ್ಕೆ. ನೀವು ಹುಡುಕಿದರೂ ಇದಕ್ಕಿಂತ ಒಳ್ಳೆಯ ಸನ್ನಿವೇಶ ಸಿಗಲಾರದು.

ನಿಮ್ಮ ಬರವಣಿಗೆಯಲ್ಲಿ ಜೀವವಿರುವುದು ಒಂದೇ ಕಡೆ, ಅಜ್ಜಿ ಝೆಂಗ್ಯಾಲೊವ್ ಹಾತ್ಸ್ ಎಂಬ ಸೊಪ್ಪು ತುಂಬಿದ ರೊಟ್ಟಿ ಮಾಡುವ ಭಾಗದಲ್ಲಿ. ಬಗೆಬಗೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ, ತೆಳ್ಳಗೆ ಲಟ್ಟಿಸಿದ ಹಿಟ್ಟಿನ ನಡುವೆ ರಾಶಿ ಹಾಕಿ, ಅಂಚುಗಳನ್ನು ಚಿವುಟಿ ಮುಚ್ಚಿ, ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿ ಕಬ್ಬಿಣದ ಕಾವಲಿಗೆ ಹಾಕುವವರೆಗೆ ಅವಳು ಒಂದು ಮಾತೂ ಆಡುವುದಿಲ್ಲ, ಆದರೂ ಅವಳು ಯಾರೆಂಬುದು ನಮಗೆ ತಿಳಿಯುತ್ತದೆ. ಮರುಪುಟದಲ್ಲೇ ಅದೇ ಅಜ್ಜಿಯ ಬಾಯಲ್ಲಿ 1923ರಲ್ಲಿ ಸೋವಿಯತ್ ಆಡಳಿತ ರಚಿಸಿದ ಸ್ವಾಯತ್ತ ಪ್ರಾಂತ್ಯದಿಂದ ಮೊದಲ ಕರಾಬಾಖ್ ಯುದ್ಧ ನಿಲ್ಲಿಸಿದ 1994ರ ಕದನವಿರಾಮದವರೆಗಿನ ಕರಾಬಾಖ್‌ನ ಚರಿತ್ರೆಯನ್ನೆಲ್ಲ ಹೇಳಿಸಿದ್ದೀರಿ. ಯಾವ ಅಜ್ಜಿಯೂ ಮೊಮ್ಮಗನಿಗೆ ಹೀಗೆ ಪಾಠ ಒಪ್ಪಿಸುವುದಿಲ್ಲ. ಆ ಪುಟವನ್ನು ಪೂರ್ತಿ ತೆಗೆದುಹಾಕಿ.

ನನ್ನ ಮುಖ್ಯ ಆಕ್ಷೇಪಣೆ ಬೇರೆಯೇ ಇದೆ. ಸೋವಿಯತ್ ಕಾಲದಲ್ಲಿ ತೋಗ್‌ನಲ್ಲಿ ಅಜೇರಿ (ಅಜರ್‌ಬೈಜಾನಿ) ಕುಟುಂಬಗಳೂ ಬಾಳಿದ್ದವು. ಸಂಘರ್ಷ ಭುಗಿಲೆದ್ದ ಮೇಲೆ, 1990ರ ದಶಕದ ಆರಂಭದಲ್ಲಿ, ಅವರು ಊರು ತೊರೆಯಬೇಕಾಯಿತು. ಎಪ್ಪತ್ತು ದಾಟಿದ ನಿಮ್ಮ ಅಜ್ಜಿ ಅದನ್ನು ಕಣ್ಣಾರೆ ಕಂಡವಳು, ಆದರೆ ನಿಮ್ಮ ಕಥೆಯಲ್ಲಿ ಆ ನೆರೆಹೊರೆಯವರ ಸುಳಿವೇ ಇಲ್ಲ. ಎರಡೂ ಕಡೆಯ ನೋವನ್ನು ಸಮನಾಗಿ ಹಂಚಬೇಕೆಂದು ನಾನು ಹೇಳುತ್ತಿಲ್ಲ, ಅದು ಕಥೆಗಾರನ ಕೆಲಸವೂ ಅಲ್ಲ. ಆದರೆ ಪಕ್ಕದ ಮನೆ ಖಾಲಿಯಾದ ಮೇಲೆ ಅಲ್ಲಿ ಯಾರು ಬಂದು ನೆಲೆಸಿದರು, ಅದರ ಹಿತ್ತಲಿನ ಹಿಪ್ಪುನೇರಳೆ ಹಣ್ಣನ್ನು ಪ್ರತಿ ಬೇಸಿಗೆಯಲ್ಲಿ ಯಾರು ಉದುರಿಸಿ ಮದ್ಯ ಭಟ್ಟಿಯಿಳಿಸಿದರು, ಅದರಲ್ಲಿ ಈ ಅಜ್ಜಿಗೂ ಪಾಲಿತ್ತೇ ಎಂಬುದನ್ನು ನೀವು ತಿಳಿದಿರಬೇಕು. ಅದು ತಿಳಿದಿದ್ದರೆ ಅವಳು ತನ್ನ ಬಾಗಿಲಿಗೆ ಬೀಗ ಹಾಕುವ ರೀತಿಯೇ ಬೇರೆಯಾಗುತ್ತಿತ್ತು.

ಕೊನೆಯಲ್ಲಿ ಅವಳು ಹಿಡಿ ಮಣ್ಣನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಅರ್ಮೇನಿಯನ್ ಅಜ್ಜಿಗೆ ಸೆರಗು ಎಲ್ಲಿಂದ ಬಂತು? ಆ ದೃಶ್ಯವನ್ನೇ ಕೈಬಿಡಿ, ಅವಳು ಗಾಡಿ ಹತ್ತಿದಲ್ಲಿಗೆ ಕಥೆ ಮುಗಿಯಲಿ. ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಖಂಡಿತ ಓದುತ್ತೇನೆ, ಅವಸರವೇನೂ ಇಲ್ಲ.

ಇತಿ,
ಸಂಪಾದಕ