ಸೀರಿಯಲ್‌ನ ಕೋವಿ ಆ ಕಾಲದ್ದಾ?

ಪ್ರಶ್ನೆ: ಕಲ್ಯಾಣಪ್ಪನ ಕಾಟಕಾಯಿ, ಅಂದ್ರೆ ನಮ್ಮ ಕಡೆಯ ರೈತರು ಈಸ್ಟ್ ಇಂಡಿಯಾ ಕಂಪೆನಿ ವಿರುದ್ಧ ಎದ್ದ ದಂಗೆಯ ಕತೆಯ ಸೀರಿಯಲ್ ಒಂದನ್ನು ಮನೆಯಲ್ಲಿ ಎಲ್ರೂ ನೋಡ್ತೇವೆ. ಅದ್ರಲ್ಲಿ ಕಂಪೆನಿ ಸಿಪಾಯಿ ಕೋವಿಯ ಬದಿಯಲ್ಲಿರುವ ಹಿಡಿ ಎಳೆದು ದೂಡಿ ಸಾಲಾಗಿ ಐದಾರು ಗುಂಡು ಹೊಡೀತಾನೆ. ಆಗ ಅಂಥದ್ದಿತ್ತಾ? ನಮ್ಮಜ್ಜನ ಕೇಪಿನ ಕೋವಿಗೆ ಒಂದು ಗುಂಡು ತುಂಬಿಸ್ಲಿಕ್ಕೇ ಎಷ್ಟೋ ಹೊತ್ತು ಬೇಕಿತ್ತು.
– ಓದುಗರು, ಬದಿಯಡ್ಕ

ಉತ್ತರ: ಇರ್ಲಿಲ್ಲ. ಹಿಡಿ ಎಳೆದು ದೂಡುವುದಾದ್ರೆ ಅದು ಬೋಲ್ಟ್ ಆ್ಯಕ್ಷನ್ ರೈಫಲ್, ಆ ಜಾತಿಯ ಲೀ-ಎನ್‌ಫೀಲ್ಡ್ ಬ್ರಿಟಿಷ್ ಸೈನ್ಯಕ್ಕೆ ಬಂದದ್ದೇ 1895ರಲ್ಲಿ, ಕಾಟಕಾಯಿ ನಡೆದದ್ದು 1837ರಲ್ಲಿ.

ಆಗಿನ ಸಿಪಾಯಿ ಕೈಲಿದ್ದದ್ದು ಬ್ರೌನ್ ಬೆಸ್ ಅಂತ ಕರೀತಿದ್ದ ಚಕಮಕಿ ಕಲ್ಲಿನ ಕೋವಿ, 39 ಇಂಚಿನ ನಳಿಗೆ, ಒಳಗೆಲ್ಲ ನುಣುಪು. ಕಾಗದದ ತೋಟೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಕಲ್ಲಿನ ಕಿಡಿಗೆ ಹತ್ತಿಕೊಳ್ಳುವ ಹಾಗೆ ಚೂರು ಮದ್ದು ಬದಿಯ ಬಟ್ಟಲಿಗೆ ಹಾಕಿ, ಉಳಿದ ಮದ್ದು, ಗುಂಡು ಎರಡನ್ನೂ ನಳಿಗೆ ಬಾಯಿಂದ ಇಳಿಸಿ ಸಲಾಕೆಯಲ್ಲಿ ಗುದ್ದಿ ಆಮೇಲೆ ಹೊಡೀಬೇಕು, ಚೆನ್ನಾಗಿ ಪಳಗಿದವನಿಗೂ ನಿಮಿಷಕ್ಕೆ ಮೂರೇ ಗುಂಡು. 100 ಗಜ ದಾಟಿದ್ರೆ ಒಬ್ಬನಿಗೆ ಗುರಿಯಿಟ್ಟು ಹೊಡೆಯುವುದು ಕಷ್ಟ, ಅದಕ್ಕೇ ಸಾಲಾಗಿ ನಿಂತು ಒಟ್ಟಿಗೆ ಹೊಡೀತಿದ್ರು. ಒಮ್ಮೆ ಹೊಡೆದ್ರೆ ಎದುರು ಪೂರಾ ಬಿಳಿ ಹೊಗೆ.

ನನಗೆ ಬೇಜಾರಾಗುವುದು ಇಲ್ಲೇ. ಒಂದು ಗುಂಡಿಂದ ಇನ್ನೊಂದು ಗುಂಡಿಗೆ ಆ ಇಪ್ಪತ್ತು ಸೆಕೆಂಡ್ ಉಂಟಲ್ಲ, ಕತ್ತಿ ಹಿಡ್ಕೊಂಡವನು ಓಡಿ ಮೈಮೇಲೆ ಬೀಳ್ಲಿಕ್ಕೆ ಸಿಗುವ ಹೊತ್ತು ಅದೇ, ಕೋವಿ ತುದಿಗೆ ಬಯೊನೆಟ್ ಅನ್ನುವ ಚೂರಿ ಇದ್ದದ್ದೂ ಅದಕ್ಕೇ. ಮೆಷಿನ್ ಗನ್ ಥರ ಹೊಡೆಸಿದ್ರೆ ನಮ್ಮ ಊರಿನ ಬೇಸಾಯಗಾರರು ಯಾವ ಧೈರ್ಯದಲ್ಲಿ ಎದುರು ನಿಂತ್ರು ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಮಳೆ ಬಂದ್ರೆ ಬಟ್ಟಲಿನ ಮದ್ದು ಒದ್ದೆಯಾಗಿ ಕೋವಿ ಬರೀ ದೊಣ್ಣೆ. ದಂಗೆಯವರು ಮಂಗಳೂರಿಗೆ ನುಗ್ಗಿದ್ದು ಏಪ್ರಿಲ್ 5ಕ್ಕೆ, ಹಾಗಾಗಿ ಮದ್ದು ಒಣಗಿಯೇ ಇದ್ದಿರ್ಬೇಕು.

ಇನ್ನು ನಿಮ್ಮಜ್ಜನ ಕೇಪಿನ ಕೋವಿ. ಅದು ಸಿಪಾಯಿಯ ಕೋವಿಗಿಂತ ಹೊಸ ಜಾತಿ ಮಾರಾಯ್ರೆ! ಪೆಟ್ಟು ಬಿದ್ದ ಕೂಡ್ಲೆ ಹತ್ತಿಕೊಳ್ಳುವ ಮದ್ದಿಗೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ 1807ರಲ್ಲೇ ಪೇಟೆಂಟ್ ತಗೊಂಡಿದ್ರೂ ಅಂಥ ಮದ್ದು ತುಂಬಿದ ಪುಟ್ಟ ಟೋಪಿ, ಅಂದ್ರೆ ಕೇಪ್ ಹಾಕುವ ಕೋವಿ ಬ್ರಿಟಿಷ್ ಸಿಪಾಯಿಗಳಿಗೆ ಸಿಕ್ಕಿದ್ದು 1840ರ ಆಸುಪಾಸಿಗೆ.

ಮುಂದಿನ ಎಪಿಸೋಡಲ್ಲಿ ಕೋವಿಯ ಬಲಬದಿ ನೋಡಿ: ಕಲ್ಲು ಕಚ್ಚಿಕೊಂಡ ಕುದುರೆ (ಬಿಲ್ಲೆಳೆದ ಹಾಗೆ ಹಿಂದಕ್ಕೆಳೆದು ಬಿಟ್ರೆ ಬಡಿಯುವ ಭಾಗ), ಅದ್ರೆದುರು ಮದ್ದಿನ ಬಟ್ಟಲು ಕಂಡ್ರೆ 1837ಕ್ಕೆ ಸರಿ.